ಕೋಳಿ ಗೂಡಿನ ಹಾಸು ಒಣಗಿರಲಿ: ಏನು ಹಾಕಬೇಕು, ಎಷ್ಟು ಹಾಕಬೇಕು, ಯಾವಾಗ ತೆಗೀಬೇಕು?

ಮನ್ನಳ್ಳಿ (ಬೀದರ್): ಹೋದ ಮಳೆಗಾಲದಲ್ಲಿ ನಮ್ಮ ಮನೆಯ 22 ಕೋಳಿ ಮರಿಗಳಲ್ಲಿ 9 ಒಂದೇ ವಾರದಲ್ಲಿ ಸತ್ತವು. ಎಲ್ಲಾ ತಿಂಗಳ ಮರಿಗಳು. ಮೊದಲು ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿದವು, ಆಮೇಲೆ ಹಿಕ್ಕೆಯಲ್ಲಿ ರಕ್ತ ಕಾಣಿಸಿತು. ಒಬ್ಬರು ಕಾಳು ಕೆಟ್ಟದ ಅಂದ್ರು, ಇನ್ನೊಬ್ಬರು ದೃಷ್ಟಿ ಆಗ್ಯಾದ ಅಂದ್ರು. ಪಶು ಡಾಕ್ಟ್ರು ಬಂದವರು ಮರಿ ನೋಡೋಕ್ಕಿಂತ ಮುಂಚೆ ಗೂಡಿನೊಳಗೆ ಕೈ ಹಾಕಿ ಒಂದು ಮುಷ್ಟಿ ಹೊಟ್ಟು ಹಿಂಡಿದ್ರು. ಅದು ಹಿಟ್ಟಿನ ಉಂಡೆ ಹಂಗೆ ಕೈಯಲ್ಲೇ ಕುಂತಿತು. "ನೋಡವ್ವಾ, ರೋಗ ಇಲ್ಲೇ ಅದ" ಅಂದ್ರು ನಮ್ಮವ್ವನಿಗೆ.

ಮರಿ ತರೋಕೆ ಅವ್ವ ಸಂಘದಲ್ಲಿ ಸಾಲ ತೆಗೆದಿದ್ದಳು. ಮೊಟ್ಟೆ ಮಾರಿ ಕಂತು ಕಟ್ಟೋದು ಲೆಕ್ಕ. 9 ಮರಿ ಹೋದ ಮೇಲೆ ಆ ಲೆಕ್ಕ ತಪ್ಪಿತು. ಆಗಿನಿಂದ ಗೂಡಿನ ಹಾಸಿನ ಬಗ್ಗೆ ಕೇಳಿ, ಮಾಡಿ, ತಪ್ಪಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹಿತ್ತಲಲ್ಲಿ, ಅಂಗಡಿ ಹಿಂದೆ ಐದರಿಂದ ಇಪ್ಪತ್ತೈದು ಕೋಳಿ ಸಾಕುವವರಿಗಾಗಿ ಈ ಬರಹ. ದೊಡ್ಡ ಫಾರ್ಮ್‌ನವರ ವ್ಯವಸ್ಥೆ ಬೇರೆ.

ಹಾಸು ಯಾಕೆ ಬೇಕು?

ದೊಡ್ಡ ಕೋಳಿಯೊಂದು ದಿನಕ್ಕೆ 100 ಗ್ರಾಂಗಿಂತ ಹೆಚ್ಚು ಹಿಕ್ಕೆ ಹಾಕುತ್ತದೆ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಹತ್ತು ಕೋಳಿ ಇದ್ದರೆ ದಿನಕ್ಕೆ ಒಂದು ಕೆಜಿ ಮೇಲೆ ಹಿಕ್ಕೆ, ಮುಕ್ಕಾಲು ಲೀಟರ್‌ನಷ್ಟು ನೀರು ನೆಲಕ್ಕೆ ಬಿದ್ದಂಗೆ. ಹಗಲು ಹೊರಗೆ ಬಿಟ್ಟರೂ ರಾತ್ರಿಯದೆಲ್ಲ ಗೂಡಿನೊಳಗೇ ಬೀಳ್ತದೆ. ಬರಿ ನೆಲವಿದ್ದರೆ ಕೋಳಿ ಆ ಕೆಸರಿನಲ್ಲೇ ನಿಂತು ರಾತ್ರಿ ಕಳೀಬೇಕು.

ಹಾಸು ಆ ನೀರನ್ನು ಹೀರಿಕೊಂಡು ಮತ್ತೆ ಗಾಳಿಗೆ ಬಿಡ್ತದೆ. ಕೋಳಿ ಕೆದಕಿದಂಗೆಲ್ಲ ಹಿಕ್ಕೆ ಪುಡಿಯಾಗಿ ಹೊಟ್ಟಿನ ಜೊತೆ ಬೆರೀತದೆ, ಒಣಗ್ತದೆ. ಚಳಿಗಾಲದಲ್ಲಿ ನೆಲದ ತಂಪು ಕೋಳಿಗೆ ತಾಗದಂತೆಯೂ ತಡೀತದೆ. ಇದೆಲ್ಲ ಆಗೋದು ಹಾಸು ಒಣಗಿದ್ದರೆ ಮಾತ್ರ. ಒದ್ದೆಯಾದರೆ ಮೂರು ತೊಂದರೆ ಬರ್ತವೆ.

ಮೊದಲನೆಯದು ರಕ್ತಭೇದಿ, ಡಾಕ್ಟ್ರು ಕಾಕ್ಸಿಡಿಯೋಸಿಸ್ ಅಂತಾರೆ. ಈ ರೋಗದ ಜೀವಿಯ ಕಣ್ಣಿಗೆ ಕಾಣದ ಮೊಟ್ಟೆಗಳು ಹಿಕ್ಕೆಯ ಜೊತೆ ಬೀಳ್ತವೆ. ಬಿದ್ದ ತಕ್ಷಣ ಅವು ಅಪಾಯ ಮಾಡಲ್ಲ. ತೇವ ಮತ್ತು ಬಿಸುಪು ಸಿಕ್ಕರೆ ಒಂದೆರಡು ದಿನದಲ್ಲಿ ರೋಗ ಹಚ್ಚುವ ಹದಕ್ಕೆ ಬರ್ತವೆ. ಮರಿ ನೆಲ ಕುಕ್ಕಿ ಅದನ್ನೇ ತಿಂತದೆ. ಮೂರರಿಂದ ಆರು ವಾರದ ಮರಿಗಳಿಗೆ ಇದರ ಕಾಟ ಹೆಚ್ಚು. ಮನೆಯ ಫಿನಾಯಿಲ್‌ಗೆ ಈ ಮೊಟ್ಟೆಗಳು ಜಗ್ಗಲ್ಲ. ಒಣ ಹಾಸು ಮತ್ತು ಬಿಸಿಲು ಇವನ್ನು ಕಟ್ಟಿಹಾಕ್ತವೆ.

ಎರಡನೆಯದು ಬೂಷ್ಟು. ಬೂಷ್ಟು ಹಿಡಿದ ಹೊಟ್ಟು ಹಾಕಿದರೆ ಅದರ ಪುಡಿ ಮರಿಯ ಶ್ವಾಸಕೋಶ ಸೇರ್ತದೆ. ಮರಿ ಬಾಯಿ ತೆರೆದು, ಕತ್ತು ಚಾಚಿ ಉಸಿರು ಎಳೀತದೆ. ಇದಕ್ಕೆ ಹೇಳಿಕೊಳ್ಳುವಂಥ ಔಷಧಿ ಇಲ್ಲ, ಬರದಂತೆ ನೋಡಿಕೊಳ್ಳೋದೇ ದಾರಿ.

ಮೂರನೆಯದು ಅಮೋನಿಯಾ ವಾಸನೆ. ಗೂಡಿನ ಬಾಗಿಲು ತೆಗೆದಾಗ ಕಣ್ಣು ಉರಿದರೆ, ಮೂಗಿಗೆ ಖಾರ ಹತ್ತಿದಂಗೆ ಆದರೆ ಅದೇ ಇದು. ನಾವು ಎರಡು ನಿಮಿಷ ನಿಂತು ಹೊರಗೆ ಬರ್ತೇವೆ, ಕೋಳಿ ರಾತ್ರಿಯಿಡೀ ಅದನ್ನೇ ಉಸಿರಾಡಬೇಕು. ಕಣ್ಣು ಊದುತ್ತವೆ, ನೆಗಡಿ ಹಿಡೀತದೆ, ಮೊಟ್ಟೆ ಕಡಿಮೆಯಾಗ್ತದೆ.

ನಮ್ಮ ಕಡೆ ಏನೇನು ಸಿಗ್ತದೆ?

ಭತ್ತದ ಹೊಟ್ಟು: ಕೋಳಿ ಸಾಕಣೆಯಲ್ಲಿ ಎಲ್ಲರೂ ಹೇಳೋ ಹೆಸರು ಇದೇ. ಹಗುರ, ಬೇಗ ಗಡ್ಡೆ ಕಟ್ಟಲ್ಲ, ಕೆದಕೋಕೆ ಸಲೀಸು. ಆದರೆ ನಮ್ಮದು ತೊಗರಿ, ಸೋಯಾ, ಜೋಳದ ಸೀಮೆ. ಭತ್ತದ ಹೊಟ್ಟು ಹೊರಗಿನಿಂದ ಬರಬೇಕು, ಹೊಟ್ಟಿಗಿಂತ ಗಾಡಿ ಬಾಡಿಗೆಯೇ ಹೆಚ್ಚಾಗಬಹುದು. ಅಕ್ಕಿ ತೌಡು ಬೇರೆ, ಹೊಟ್ಟು ಬೇರೆ. ತೌಡು ಹಾಸಬಾರದು, ಅದು ತಿನ್ನೋ ವಸ್ತು, ಒದ್ದೆಯಾದರೆ ಹುಳಿತು ಹುಳ ಬೀಳ್ತದೆ.

ಕಟ್ಟಿಗೆ ಹೊಟ್ಟು: ಸಾಮಿಲ್, ಬಡಿಗರ ಅಂಗಡಿಯಲ್ಲಿ ಸಿಗ್ತದೆ. ಕೀಸುಳಿಯಿಂದ ಬರೋ ಸುರುಳಿ ಸುರುಳಿ ತೊಗಟೆ ಸಿಕ್ಕರೆ ಅದು ಎಲ್ಲಕ್ಕಿಂತ ಒಳ್ಳೇದು. ಹಿಟ್ಟಿನಂಥ ಸಣ್ಣ ಪುಡಿ ಬೇಡ, ಧೂಳು ಏಳ್ತದೆ, ಮರಿಗಳು ಕಾಳು ಅಂತ ನುಂಗ್ತವೆ. ಹಸಿ ಕಟ್ಟಿಗೆಯ ಪುಡಿ ತಂದರೆ ಎರಡು ದಿನ ಬಿಸಿಲಿಗೆ ಹರವಿ ಆಮೇಲೆ ಹಾಕ್ರಿ. ಪ್ಲೈವುಡ್, ಎಂಡಿಎಫ್ ಕೊಯ್ದ ಪುಡಿ ತರಲೇಬೇಡಿ, ಅದರಲ್ಲಿ ಅಂಟು ಇರ್ತದೆ. ಪಾಲಿಶ್ ಹಚ್ಚಿದ ಕಟ್ಟಿಗೆಯ ಪುಡಿಯೂ ಬೇಡ. ಕೊಡುವವರನ್ನು ಕೇಳಿಯೇ ಚೀಲ ತುಂಬಿಸಿಕೊಳ್ಳಿ.

ಶೇಂಗಾ ಸಿಪ್ಪೆ: ಒಣಗಿದ್ದರೆ ಬಹಳ ಚಲೋ. ಕೈಯಿಂದ ಇಲ್ಲವೇ ಕಾಲಿನಿಂದ ಒಮ್ಮೆ ಪುಡಿ ಮಾಡಿ ಹಾಕಿದರೆ ಹೆಚ್ಚು ಹೀರ್ತದೆ. ಬೂಷ್ಟು ಬೇಗ ಹಿಡಿಯೋದು ಇದರ ದೋಷ. ಚೀಲ ತೆಗೆದಾಗ ಮುಗ್ಗಲು ವಾಸನೆ ಬಂದರೆ, ಸಿಪ್ಪೆ ಒಳಗೆ ಕಪ್ಪು, ಹಸಿರು ಕಂಡರೆ ತಿಪ್ಪೆಗೆ ಹಾಕ್ರಿ, ಗೂಡಿಗೆ ಬೇಡ.

ಸೋಯಾ ಮತ್ತು ತೊಗರಿ ಹೊಟ್ಟು: ರಾಶಿ ಆದ ಮೇಲೆ ನಮ್ಮಲ್ಲಿ ಪುಕ್ಕಟೆ ಸಿಗೋದು ಇದೇ. ತೊಗರಿ ಹೊಟ್ಟು ದನ, ಆಡಿಗೆ ಬೇಕಾಗ್ತದೆ, ಅದನ್ನು ಹಾಸೋಕೆ ಮನಸ್ಸು ಬರಲ್ಲ. ಸೋಯಾ ಹೊಟ್ಟನ್ನು ಕೆಲವರು ಹೊಲದಲ್ಲೇ ಸುಡ್ತಾರೆ. ಸುಡೋ ಬದಲು ನಾಲ್ಕು ಚೀಲ ತುಂಬಿಟ್ಟರೆ ಸಣ್ಣ ಗೂಡಿಗೆ ತಿಂಗಳುಗಟ್ಟಲೆ ಆಗ್ತದೆ. ಭತ್ತದ ಹೊಟ್ಟಿನಷ್ಟು ಸಲೀಸಲ್ಲ, ದಂಟಿನ ಚೂಪು ತುಂಡು ಇರ್ತವೆ, ಧೂಳು ಹೆಚ್ಚು. ಒಮ್ಮೆ ತೂರಿ, ದಪ್ಪ ದಂಟು ಆರಿಸಿ ಹಾಕ್ರಿ. ನಾವು ಈಗ ಕಟ್ಟಿಗೆ ತೊಗಟೆ ಅರ್ಧ, ಸೋಯಾ ಹೊಟ್ಟು ಅರ್ಧ ಬೆರೆಸಿ ಹಾಕ್ತೇವೆ.

ಜೋಳದ ಕಣಿಕೆ: ಉದ್ದಕ್ಕೆ ಹಾಸಿದರೆ ಪ್ರಯೋಜನ ಇಲ್ಲ. ಮೇಲೆ ಹಿಕ್ಕೆ ಚಾಪೆಯಂತೆ ಕೂರ್ತದೆ, ಕೆಳಗೆ ನೀರು ನಿಲ್ತದೆ. ಒಂದು ಇಂಚಿನ ತುಂಡು ಮಾಡಿ ಬೇರೆ ಹೊಟ್ಟಿನ ಜೊತೆ ಬೆರೆಸಬೇಕು.

ಕಬ್ಬಿನ ಸಿಪ್ಪೆ: ಗಾಣದ ಕಡೆ ಸಿಗ್ತದೆ. ನೀರು ಚೆನ್ನಾಗಿ ಹೀರ್ತದೆ, ಆದರೆ ಸಿಹಿ ಇರೋದರಿಂದ ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡೀತದೆ, ಇರುವೆ ಮುತ್ತುತ್ತವೆ. ಗರಗರ ಒಣಗಿದ್ದರೆ ಮಾತ್ರ ಬಳಸಿ.

ಉಸುಕು: ಬೇಸಿಗೆಯಲ್ಲಿ ತಂಪು, ಹಿಕ್ಕೆ ಬಾಚಿ ತೆಗೆಯೋಕೆ ಸುಲಭ. ಚಳಿಗಾಲದಲ್ಲಿ ತಣ್ಣಗೆ ಕೊರೀತದೆ. ಮಳೆ ನೀರು ಒಳಗೆ ಬಂದರೆ ಬೇಗ ಒಣಗಲ್ಲ.

ಒಂದು ಎಚ್ಚರಿಕೆ: ಔಷಧಿ ಹಚ್ಚಿದ ಬೀಜದ ಚೀಲ, ಕೀಟನಾಶಕ ಬಂದ ರಟ್ಟಿನ ಡಬ್ಬಿ, ಗೊಬ್ಬರದ ಚೀಲ ಇವ್ಯಾವನ್ನೂ ಗೂಡಿನೊಳಗೆ ಹಾಸಬೇಡಿ. ಹೊಟ್ಟು ತುಂಬಿಡೋಕೂ ಬೇಡ.

ಎಷ್ಟು ಜಾಗ, ಎಷ್ಟು ಹಾಸು?

ದೊಡ್ಡ ಕೋಳಿಗೆ ಗೂಡಿನೊಳಗೆ ತಲಾ 2 ಚದರ ಅಡಿ ಲೆಕ್ಕ ಹಾಕ್ರಿ. 5 ಅಡಿ ಉದ್ದ, 4 ಅಡಿ ಅಗಲದ ಗೂಡು ಅಂದ್ರೆ 20 ಚದರ ಅಡಿ, ಹತ್ತು ಕೋಳಿಗೆ ಸಾಕು. ಅದರಲ್ಲಿ ಇಪ್ಪತ್ತು ತುರುಕಿದರೆ ಎಂಥ ಹಾಸು ಹಾಕಿದರೂ ಒಣಗಲ್ಲ. ಗಿರಿರಾಜದಂಥ ಭಾರದ ಕೋಳಿ ಇದ್ದರೆ ಇನ್ನೂ ಸ್ವಲ್ಪ ಜಾಗ ಜಾಸ್ತಿ ಕೊಡಬೇಕು. ಜವಾರಿ ಕೋಳಿ ಮೇಲೆ ಹಾರಿ ಕೂರ್ತದೆ, ಅದಕ್ಕೆ ಒಂದು ಅಡ್ಡ ಬೊಂಬು ಕಟ್ಟಿದರೆ ರಾತ್ರಿ ಹಿಕ್ಕೆ ಒಂದೇ ಕಡೆ ಬಿದ್ದು ತೆಗೆಯೋಕೆ ಸುಲಭ.

ಮರಿಗಳಿಗೆ 2 ಇಂಚು, ದೊಡ್ಡವಕ್ಕೆ 3ರಿಂದ 4 ಇಂಚು ದಪ್ಪ ಹಾಸು ಬೇಕು. ಮೇಲೆ ಹೇಳಿದ 20 ಚದರ ಅಡಿ ಗೂಡಿಗೆ 3 ಇಂಚು ಹಾಕೋಕೆ 5 ಘನ ಅಡಿ ಹೊಟ್ಟು ಬೇಕು. 50 ಕೆಜಿ ಅಕ್ಕಿ ಚೀಲದಲ್ಲಿ ತುಂಬಿದರೆ ಎರಡು ಚೀಲದಷ್ಟು ಆಗ್ತದೆ. ಅಷ್ಟೇ ತನ್ನಿ, ಜೊತೆಗೆ ಮೇಲೆ ಉದುರಿಸೋಕೆ ಇನ್ನೊಂದು ಚೀಲ ಒಣಗಿದ ಜಾಗದಲ್ಲಿ ಇಟ್ಟಿರಿ. ಒಂದು ಇಂಚು ಹಾಕಿ ಉಳಿತಾಯ ಮಾಡಿದೆವು ಅಂದುಕೊಂಡರೆ ಎರಡೇ ದಿನದಲ್ಲಿ ನೆಲ ಹಸಿಯಾಗ್ತದೆ. ನಾವು ಮಾಡಿದ ಮೊದಲ ತಪ್ಪು ಅದೇ.

ಹಾಕೋ ಮೊದಲು ನೆಲ ನೋಡಿ

ಗೂಡಿನ ನೆಲ ಅಂಗಳಕ್ಕಿಂತ ಅರ್ಧ ಅಡಿಯಾದರೂ ಎತ್ತರ ಇರಬೇಕು. ಮುರುಮು ಹಾಕಿ ಬಡಿದು ಗಟ್ಟಿ ಮಾಡಿದರೂ ಆಗ್ತದೆ, ಫರ್ಸಿ ಕಲ್ಲು ಹಾಸಿದರೆ ತೊಳೆಯೋಕೆ ಸುಲಭ, ಇಲಿ ಕೂಡ ಕೊರೆಯಲ್ಲ. ಔರಾದ್ ಕಡೆಯ ಕಪ್ಪು ಮಣ್ಣಿನ ಜಾಗ ಇದ್ದರೆ ಮುರುಮು ತಂದು ಹಾಕಲೇಬೇಕು, ಕಪ್ಪು ಮಣ್ಣು ನೀರು ಹಿಡಿದುಕೊಂಡು ಕೂರ್ತದೆ.

ಹಳೇದೆಲ್ಲ ಬಾಚಿ ತೆಗೆದು, ನೆಲ ಒಣಗಿಸಿ, ನೆಲಕ್ಕೂ ಗೋಡೆಗೂ ಸುಣ್ಣ ಹೊಡೀರಿ. ಸುಣ್ಣ ಪೂರ್ತಿ ಒಣಗಿದ ಮೇಲೆ ಹಾಸು ಹಾಕಿ, ಆಮೇಲೆ ಕೋಳಿ ಬಿಡಿ.

ಬಹಳ ಜನ ವಾಸನೆ ಬಂದಾಗ ಒದ್ದೆ ಹಾಸಿನ ಮೇಲೇ ಸುಣ್ಣ ಎರಚ್ತಾರೆ. ನಾವೂ ಎರಚಿದ್ದೆವು. ಸುಣ್ಣ ತೇವ ಹೀರೋದು ಖರೆ, ಆದರೆ ಹಿಕ್ಕೆಗೆ ತಾಗಿದಾಗ ಅಮೋನಿಯಾ ಇನ್ನೂ ಹೆಚ್ಚು ಹೊರಗೆ ಬಿಡಿಸ್ತದೆ. ಕೋಳಿಯ ಕಾಲು, ಕಣ್ಣಿಗೂ ಉರಿ. ಸುಣ್ಣ ಖಾಲಿ ನೆಲಕ್ಕೆ ಇರಲಿ. ಕೋಳಿ ಒಳಗಿದ್ದಾಗ ಒದ್ದೆ ಹಾಸಿಗೆ ಮದ್ದು ಅಂದ್ರೆ ಒದ್ದೆ ಭಾಗ ತೆಗೆದು ಒಣ ಹೊಟ್ಟು ಹಾಕೋದು.

ಮುಷ್ಟಿ ಪರೀಕ್ಷೆ

ಡಾಕ್ಟ್ರು ಅವತ್ತು ಮಾಡಿದ್ದು ಇದನ್ನೇ. ವಾರಕ್ಕೆ ಎರಡು ಸಲ, ಮಳೆಗಾಲದಲ್ಲಿ ದಿನಾ ಮಾಡ್ರಿ. ಗೂಡಿನ ಮೂರು ಕಡೆಯಿಂದ, ಅಂದ್ರೆ ನೀರಿನ ಪಾತ್ರೆ ಹತ್ತಿರ, ಬಾಗಿಲ ಹತ್ತಿರ, ಹಿಂದಿನ ಮೂಲೆಯಿಂದ ಒಂದೊಂದು ಮುಷ್ಟಿ ಹಾಸು ತೆಗೆದು ಗಟ್ಟಿ ಹಿಂಡಿ, ಆಮೇಲೆ ಕೈ ಬಿಚ್ಚಿ.

ಉಂಡೆಯಾಗಿ ಹಾಗೇ ಕೂತರೆ: ಒದ್ದೆ ಜಾಸ್ತಿ, ಅವತ್ತೇ ತೆಗೀಬೇಕು.
ಸ್ವಲ್ಪ ಅಂಟಿ ಮೆಲ್ಲಗೆ ಬಿರಿದು ಉದುರಿದರೆ: ಹದ ಸರಿ ಇದೆ.
ಅಂಟದೇ ಧೂಳಾಗಿ ಹಾರಿದರೆ: ತೀರಾ ಒಣಗಿದೆ. ಬೇಸಿಗೆಯಲ್ಲಿ ಹೀಗಾಗ್ತದೆ. ಕೋಳಿ ಹೊರಗಿದ್ದಾಗ ಸ್ವಲ್ಪ ನೀರು ಚಿಮುಕಿಸಿ ಕೆದಕಿ.

ಕೈಗೆ ಪ್ಲಾಸ್ಟಿಕ್ ಚೀಲ ಹಾಕ್ಕೊಳ್ಳಿ, ಆಮೇಲೆ ಸೋಪ್ ಹಚ್ಚಿ ಕೈ ತೊಳೀರಿ.

ದಿನದ ಕೆಲಸ ಹತ್ತು ನಿಮಿಷ

ಬೆಳಿಗ್ಗೆ ಕೋಳಿ ಬಿಟ್ಟ ಮೇಲೆ ಬಾಗಿಲು ತೆರೆದಿಡಿ, ಗಾಳಿ ಆಡಲಿ. ಬೊಂಬಿನ ಕೆಳಗಿನ ಹಿಕ್ಕೆ ಬಾಚಿ ತೆಗೀರಿ. ಗಡ್ಡೆ ಕಟ್ಟಿದ ಕಡೆ ಗಡ್ಡೆ ಎತ್ತಿ ಹಾಕಿ ಅಲ್ಲಿ ಒಂದು ಬೊಗಸೆ ಒಣ ಹೊಟ್ಟು ಉದುರಿಸಿ. ವಾರಕ್ಕೆ ಎರಡು ಸಲ ಇಡೀ ಹಾಸನ್ನು ಕುರ್ಪಿಯಿಂದ ಮೇಲೆ ಕೆಳಗೆ ಮಾಡ್ರಿ. ನಾಲ್ಕು ಕಾಳು ಎರಚಿದರೆ ಕೋಳಿಗಳೇ ಅರ್ಧ ಕೆಲಸ ಮಾಡ್ತವೆ.

ನಮ್ಮ ಗೂಡಿನಲ್ಲಿ ಒದ್ದೆಗೆ ಮೂಲ ಮಳೆ ಅಲ್ಲ, ನೀರಿನ ಪಾತ್ರೆ ಆಗಿತ್ತು. ಅಗಲ ತಾಟಿನಲ್ಲಿ ನೀರು ಇಡ್ತಿದ್ದೆವು. ಮರಿ ಅದರೊಳಗೆ ಇಳಿದು ಚೆಲ್ತಿದ್ದವು. ಈಗ ಪಾತ್ರೆಯನ್ನು ಎರಡು ಇಟ್ಟಿಗೆ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟಿದ್ದೇವೆ. ಪಾತ್ರೆ ಸುತ್ತ ಹಾಸಿನ ಬದಲು ಉಸುಕು ಹಾಕಿದ್ದೇವೆ. ದೊಡ್ಡ ಕೋಳಿಗೆ ಹಗಲು ನೀರು ಗೂಡಿನ ಹೊರಗೇ ಇಟ್ಟರೆ ಇನ್ನೂ ಒಳ್ಳೇದು. ಹೊಟ್ಟಿಗೆ ದುಡ್ಡು ಹಾಕೋ ಮುಂಚೆ ಇದೊಂದು ಸರಿ ಮಾಡ್ರಿ, ಖರ್ಚು ಎರಡು ಇಟ್ಟಿಗೆ ಅಷ್ಟೇ.

ಕಾಲಕ್ಕೆ ತಕ್ಕಂತೆ

ಮಳೆಗಾಲ: ಜೂನ್‌ನಿಂದ ಸೆಪ್ಟೆಂಬರ್ ತನಕ ಕಷ್ಟದ ಕಾಲ. ಹೊಟ್ಟು ಮೇ ತಿಂಗಳಲ್ಲೇ ಒಣಗಿಸಿ ತುಂಬಿಡಿ, ಮಳೆ ಶುರುವಾದ ಮೇಲೆ ಒಣ ಹೊಟ್ಟು ಎಲ್ಲಿಯೂ ಸಿಗಲ್ಲ. ತಗಡಿನ ಅಂಚು ಗೋಡೆಯಿಂದ ಎರಡು ಅಡಿಯಾದರೂ ಮುಂದೆ ಬರಲಿ. ಇರಚಲು ಬಡಿಯೋ ಕಡೆ ಮಾತ್ರ ತಾಡಪತ್ರಿ ಕಟ್ಟಿ. ಸುತ್ತಲೂ ಬಿಗಿದು ಕಟ್ಟಿದರೆ ಒಳಗಿನ ಹಬೆ ಹೊರಗೆ ಹೋಗದೆ ಹಾಸು ತಾನೇ ಒದ್ದೆಯಾಗ್ತದೆ.

ಚಳಿಗಾಲ: ರಾಜ್ಯದಲ್ಲೇ ಕಡಿಮೆ ಉಷ್ಣಾಂಶ ಬೀದರ್‌ನಲ್ಲಿ ದಾಖಲಾಗೋದು ನಮಗೆ ಹೊಸದಲ್ಲ. ಹಾಸು 5ರಿಂದ 6 ಇಂಚು ಮಾಡ್ರಿ. ಕೆಳಗಿನ ಗಾಳಿ ಮುಚ್ಚಿ, ಮೇಲಿನ ಕಿಂಡಿ ತೆರೆದಿಡಿ.

ಬೇಸಿಗೆ: ಹಾಸು 2 ಇಂಚಿಗೆ ಇಳಿಸಬಹುದು. ದಪ್ಪ ಹಾಸು ಬಿಸಿ ಹಿಡೀತದೆ.

ಮರಿಗಳಿಗೆ

ಮೊದಲ ಮೂರು ದಿನ ಹೊಟ್ಟಿನ ಮೇಲೆ ಪೇಪರ್ ಹಾಸಿ, ಇಲ್ಲದಿದ್ದರೆ ಮರಿ ಕಾಳು ಬಿಟ್ಟು ಹೊಟ್ಟು ತಿಂತವೆ. ಪೇಪರ್ ದಿನಾ ಬದಲಿಸಿ. ನುಣುಪಾದ ಪೇಪರ್ ಮೇಲೆ ಮರಿ ಕಾಲು ಜಾರಿ ಅಗಲವಾಗ್ತವೆ, ಅದಕ್ಕೆ ಪೇಪರನ್ನು ಮುದುಡಿ ಬಿಚ್ಚಿ ಹಾಸಬೇಕು. ಹಳೇ ಕೋಳಿಗಳು ಇದ್ದ ಹಾಸಿನ ಮೇಲೆ ಹೊಸ ಮರಿ ಬಿಡಲೇಬಾರದು. ಮೊಟ್ಟೆ ಇಡೋ ಬುಟ್ಟಿಗೂ ಬೇರೆ ಹಾಸು ಇರಲಿ, ಒಣ ಹುಲ್ಲು ಇಲ್ಲವೇ ಕಟ್ಟಿಗೆ ತೊಗಟೆ ಸಾಕು. ಅದು ಸ್ವಚ್ಛ ಇದ್ದರೆ ಮೊಟ್ಟೆಗೆ ಹೊಲಸು ಹತ್ತಲ್ಲ, ಗಿರಾಕಿ ತಿರಸ್ಕರಿಸಲ್ಲ.

ಹೇನು, ಉಣ್ಣೆ ಕಾಟಕ್ಕೆ ಒಂದು ಬುಟ್ಟಿಯಲ್ಲಿ ಒಣ ಮಣ್ಣು, ಸೋಸಿದ ತಣ್ಣನೆ ಒಲೆ ಬೂದಿ ಬೆರೆಸಿ ಇಡಿ. ಕೋಳಿ ಅದರಲ್ಲಿ ಹೊರಳಾಡಿ ಮೈ ಕೊಡವ್ತವೆ. ಈ ಬುಟ್ಟಿ ಮಳೆಗೆ ನೆನೆಯಬಾರದು, ಒದ್ದೆ ಬೂದಿ ಚರ್ಮ ಸುಡ್ತದೆ.

ಅಂಗಡಿಯವರಿಗೆ ಒಂದು ಮಾತು

ನಮ್ಮ ಪಕ್ಕದ ಕಿರಾಣಿ ಅಂಗಡಿ ಕಾಕಾ ಹೋದ ವರ್ಷ ಅವ್ವನಿಗೆ, "ಅಕ್ಕಾ, ಗಿರಾಕಿ ಮೂಗು ಮುಚ್ಕೊಂಡು ಹೊಂಟಾರ್ರಿ" ಅಂದಿದ್ದರು. ತಪ್ಪು ನಮ್ಮದೇ ಇತ್ತು. ಹಾಸು ಒಣಗಿದ ಮೇಲೆ ವಾಸನೆ ಹೋಯ್ತು, ನೊಣ ಕಡಿಮೆಯಾದವು. ಈಗ ಅವರೇ ನಮ್ಮ ಮೊಟ್ಟೆ ತಗೊಂಡು ಮಾರ್ತಾರೆ. ಅಂಗಡಿ ಹಿಂದೆ ಕೋಳಿ ಸಾಕುವವರು ಇನ್ನೊಂದು ನೋಡಬೇಕು. ಗೂಡಿನಲ್ಲಿ ಚೆಲ್ಲಿದ ಕಾಳಿಗೆ ಇಲಿ ಬರ್ತವೆ, ಅಲ್ಲಿಂದ ಅಂಗಡಿಯ ಅಕ್ಕಿ ಚೀಲಕ್ಕೆ ಹೋಗ್ತವೆ. ಸಂಜೆ ಕಾಳಿನ ಪಾತ್ರೆ ಗೂಡಿನಿಂದ ತೆಗೆದಿಡಿ.

ಹಳೇ ಹಾಸು ಬಂಗಾರ

ಚೆನ್ನಾಗಿ ನೋಡಿಕೊಂಡ ಹಾಸನ್ನು ತಿಂಗಳಿಗೊಮ್ಮೆ ಬದಲಿಸಬೇಕಂತ ಇಲ್ಲ. ಮೇಲೆ ಹೊಸ ಹೊಟ್ಟು ಸೇರಿಸುತ್ತಾ ಆರು ತಿಂಗಳು, ಕೆಲವರು ವರ್ಷದವರೆಗೂ ನಡೆಸ್ತಾರೆ. ಇದಕ್ಕೆ ಆಳಹಾಸು ಪದ್ಧತಿ ಅಂತಾರೆ. ಹೀಗೆ ಮಾಗಿದ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ 3ರಷ್ಟು ಇರ್ತದೆ, ಸಾಮಾನ್ಯ ತಿಪ್ಪೆ ಗೊಬ್ಬರದಲ್ಲಿ ಶೇ ಅರ್ಧದಷ್ಟು. ಆದರೆ ಹಸಿ ಇದ್ದಾಗ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡ್ತದೆ. ಗುಂಡಿಯಲ್ಲಿ ಎರಡು ಮೂರು ತಿಂಗಳು ಕೊಳೆಸಿ ಹಾಕ್ರಿ.

ಹಳೇ ಹಾಸನ್ನು ದನ ತಿನ್ನೋ ಕಡೆ ಸುರಿಯಬೇಡಿ. ಅದರೊಳಗೆ ಸತ್ತ ಮರಿ, ಇಲಿ ಇದ್ದರೆ ಅದರ ವಿಷದಿಂದ ದನದ ಕಾಲು ಬಿದ್ದು ಸಾಯ್ತವೆ. ದೇವಣಿ ಹಸು ಕಟ್ಟಿದವರು ಇದನ್ನು ಮರೀಬಾರದು.

ಹಾಸಿನಿಂದ ಆಗದ ಕೆಲಸ

ಒಣ ಹಾಸು ಲಸಿಕೆಗೆ ಬದಲಿ ಅಲ್ಲ. ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಲೇಬೇಕು. 2025ರ ಜನವರಿಯಲ್ಲಿ ನಮ್ಮ ಗಡಿಯಾಚೆ ಉದಗೀರ್‌ನಲ್ಲಿ ಕಾಗೆಗಳು ಸತ್ತು ಹಕ್ಕಿಜ್ವರ ಖಚಿತವಾಗಿತ್ತು. ಅದಾದ ಮೇಲೆ ರಾಯಚೂರು, ಬಳ್ಳಾರಿ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲೂ ಕಾಣಿಸಿಕೊಂಡಿತು. ಒಮ್ಮೆಲೇ ಹಲವು ಕೋಳಿ ಸತ್ತರೆ ಹಾಸು ಹೊರಗೆ ಎಸೆಯಬೇಡಿ, ಸತ್ತ ಕೋಳಿ ಮುಟ್ಟಬೇಡಿ, ಉಳಿದವನ್ನು ಮಾರಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಇಲ್ಲವೇ 1962ಕ್ಕೆ ಫೋನ್ ಮಾಡ್ರಿ. ಪಶುವೈದ್ಯಕೀಯ ವಿಶ್ವವಿದ್ಯಾಲಯ ನಮ್ಮ ಬೀದರ್‌ನ ನಂದಿನಗರದಲ್ಲೇ ಇದೆ, ಜನವಾಡದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಹೋಗಿ ಕೇಳೋಕೆ ಸಂಕೋಚ ಬೇಡ.

ನೆನಪಿಡಬೇಕಾದ್ದು

• ಒಂದು ಕೋಳಿಗೆ 2 ಚದರ ಅಡಿ, ಹಾಸು 3 ಇಂಚಿಗೆ ಕಡಿಮೆ ಬೇಡ (ಮರಿಗೆ ಮತ್ತು ಬೇಸಿಗೆಯಲ್ಲಿ 2 ಇಂಚು).
• ನೀರಿನ ಪಾತ್ರೆ ಇಟ್ಟಿಗೆ ಮೇಲೆ.
• ವಾರಕ್ಕೆ ಎರಡು ಸಲ ಮುಷ್ಟಿ ಪರೀಕ್ಷೆ, ಮಳೆಗಾಲದಲ್ಲಿ ದಿನಾ.
• ಒದ್ದೆ ಕಂಡ ದಿನವೇ ತೆಗೀರಿ, ನಾಳೆಗೆ ಬೇಡ.
• ಬೂಷ್ಟು ವಾಸನೆ ಬಂದ ಹೊಟ್ಟು ಪುಕ್ಕಟೆ ಕೊಟ್ಟರೂ ತರಬೇಡಿ.
• ಮಳೆಗಾಲದ ಹೊಟ್ಟು ಮೇ ತಿಂಗಳಲ್ಲೇ ತುಂಬಿಡಿ.

ನಮ್ಮ ಮನೆಯಲ್ಲಿ ಉಳಿದ 13 ಮರಿಗಳು ಈಗ ದೊಡ್ಡವಾಗಿ ಮೊಟ್ಟೆ ಇಡ್ತಿವೆ. ಸಂಘದ ಕಂತು ಎರಡು ಬಾಕಿ ಇವೆ. ಈ ಸಲ ಹೊಸ ಮರಿ ತರೋ ಮುಂಚೆ ಅವ್ವ ನಾಲ್ಕು ಚೀಲ ಸೋಯಾ ಹೊಟ್ಟು ಒಣಗಿಸಿ ಮಾಳಿಗೆ ಮೇಲೆ ಇಟ್ಟಿದ್ದಾಳೆ.